ತಾರಸಿಯ ಕಳ್ಳಿಗೊಂದು ಸೂರು

ಅಂಗಡಿಗಳ ಬಾಗಿಲಲ್ಲಿ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿರುವ ಲೋಳೆಸರವನ್ನು ಒಮ್ಮೆ ನಿಂತು ನೋಡಿ. ಮಣ್ಣಿಲ್ಲ, ನೀರಿಲ್ಲ, ಬೇರು ಗಾಳಿಯಲ್ಲಿ ಒಣಗಿ ನಿಂತಿರುತ್ತದೆ. ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ತುದಿ ಮೇಲಕ್ಕೆ ಬಾಗಿ ಹೊಸ ಎಲೆಯನ್ನೂ ಬಿಡುತ್ತದೆ. ಅದೇ ಗಿಡವನ್ನು ಮನೆಗೆ ತಂದು, ತೂತಿಲ್ಲದ ಪಿಂಗಾಣಿ ಕುಂಡದಲ್ಲಿಟ್ಟು, ದಿನಕ್ಕೊಂದು ಲೋಟ ನೀರು ಹಾಕಿ ಉಪಚಾರ ಮಾಡಿದರೆ ಕೆಲವೇ ವಾರಗಳಲ್ಲಿ ಬುಡ ಕೊಳೆತುಹೋಗುತ್ತದೆ. ಕಳ್ಳಿ, ಸಕ್ಯುಲೆಂಟ್ ಬೆಳೆಸಲು ಹೊರಟವರು ತಿಳಿಯಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ. ಉಳಿದ ಕಾಲು ಪಾಲು ಮಳೆಗೆ ಸೇರಿದ್ದು. ಮನೆಯೊಳಗಾದರೆ ನೀರು ಹಾಕುವುದು ಬಿಡುವುದು ನಮ್ಮ ಕೈಯಲ್ಲಿದೆ. ತಾರಸಿಯಲ್ಲಿ, ಅಂಗಳದಲ್ಲಿ ಮೋಡ ಯಾರನ್ನೂ ಕೇಳುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾ ಅಥವಾ ಇಂಗ್ಲೆಂಡಿನವರದು. ಅವರ ಭಯವೆಲ್ಲ ಚಳಿಗಾಲದ ಹಿಮದ್ದು. ನಮಗೆ ಆ ಅಧ್ಯಾಯವೇ ಬೇಡ. ಮೆಕ್ಸಿಕೊದ ಚಿವಾವಾ ಮರುಭೂಮಿಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸರಾಸರಿ 250 ಮಿ.ಮೀ. ಆಸುಪಾಸು. ಬೆಂಗಳೂರಿನಲ್ಲಿ ಅದು ಹೆಚ್ಚುಕಡಿಮೆ 1000 ಮಿ.ಮೀ., ಮಂಗಳೂರಿನಲ್ಲಿ 3500 ದಾಟುತ್ತದೆ. ಹಾಗಾಗಿ ಇಲ್ಲಿ ಹೊರಾಂಗಣದಲ್ಲಿ ಕಳ್ಳಿ ಬೆಳೆಸುವುದೆಂದರೆ ಮೊದಲು ಮಳೆಗೆ ವ್ಯವಸ್ಥೆ ಮಾಡಿಕೊಳ್ಳುವುದು. ಗಿಡ ಕೊಳ್ಳುವ ಮಾತು ಆಮೇಲೆ.

ಈ ಗಿಡಗಳು ನೀರಿಗೆ ಯಾಕೆ ಹೀಗೆ ಹೆದರುತ್ತವೆ? ಸಾಮಾನ್ಯ ಗಿಡಗಳ ಎಲೆಯ ರಂಧ್ರಗಳು ಹಗಲು ತೆರೆದಿರುತ್ತವೆ. ಗಾಳಿ ಒಳಗೆ ಹೋಗುವಾಗ ನೀರು ಆವಿಯಾಗಿ ಹೊರಬರುತ್ತದೆ. ಕಳ್ಳಿಗಳು, ಬಹುಪಾಲು ಸಕ್ಯುಲೆಂಟ್‌ಗಳು ರಂಧ್ರವನ್ನು ರಾತ್ರಿ ತೆರೆಯುತ್ತವೆ. ಆಗ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡೇ ಆಹಾರ ತಯಾರಿಸುತ್ತವೆ. ನೀರಿನ ಖರ್ಚು ತೀರಾ ಕಡಿಮೆ. ಖರ್ಚಿಲ್ಲದ ಗಿಡದ ಬುಡದಲ್ಲಿ ನೀರು ನಿಂತರೆ ಅದನ್ನು ಹೀರಿ ಮುಗಿಸುವವರಿಲ್ಲ. ಬೇರಿಗೆ ಗಾಳಿ ಸಿಗುವುದಿಲ್ಲ, ಶಿಲೀಂಧ್ರ ಹತ್ತುತ್ತದೆ.

ಯಾವ ಊರಿಗೆ ಯಾವ ಗಿಡ

ಆರಂಭಕ್ಕೆ ಬೇಕಾದವು ಗಟ್ಟಿ ಜೀವಗಳು. ಲೋಳೆಸರ ಸರಿ. ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವ, ಬೆರಳುಗುರಿನಷ್ಟು ಎಲೆಯ ಗಿಡ ಬಹುತೇಕ ಪೋರ್ಟುಲಕೇರಿಯಾ. ದಕ್ಷಿಣ ಆಫ್ರಿಕಾದ್ದು, ಬಿಸಿಲು ಮಳೆ ಎರಡನ್ನೂ ಸಹಿಸುತ್ತದೆ, ಕಡ್ಡಿ ಚುಚ್ಚಿದರೆ ಬೇರೂರುತ್ತದೆ. ವರ್ಷವಿಡೀ ಹೂ ಬಿಡುವ ಮುಳ್ಳಿನ ಯೂಫೋರ್ಬಿಯಾ ಮಿಲಿ, ಸ್ನೇಕ್ ಪ್ಲಾಂಟ್, ಟೇಬಲ್ ರೋಸ್ ಎಲ್ಲವೂ ಅನುಭವವಿಲ್ಲದವರ ಕೈಯಲ್ಲೂ ಬದುಕುತ್ತವೆ. ಗುಲಾಬಿಯಾಕಾರದ ಸಕ್ಯುಲೆಂಟೇ ಬೇಕೆಂದರೆ ಎಚೆವೇರಿಯಾದ ಬದಲು ಗ್ರ್ಯಾಪ್ಟೋಪೆಟಲಮ್ ತನ್ನಿ. ಎಲೆ ಉದುರಿದ ಕಡೆಯೆಲ್ಲ ಮರಿಯಾಗುವ ಜಾತಿ ಅದು.

ಎಚೆವೇರಿಯಾ ಮೆಕ್ಸಿಕೊದ ಎತ್ತರದ ಬೆಟ್ಟಗಳ ಗಿಡ. ರಾತ್ರಿ ತಂಪು ಬೇಕು. ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಯ ಹವೆಯಲ್ಲಿ, ಮಳೆಯಿಂದ ಕಾಪಾಡಿದರೆ ಚೆನ್ನಾಗಿ ಬರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಅಥವಾ ಉಡುಪಿಯ ಸೆಕೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹರಸಾಹಸ. ಆ ಹಣಕ್ಕೆ ಬೇರೆ ಗಿಡ ಬರುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ನಾನು ಹೇಳುವುದು ಅಡೇನಿಯಂ. ಆಫ್ರಿಕಾ, ಅರೇಬಿಯಾದ ಒಣನೆಲದಿಂದ ಬಂದ ಇದಕ್ಕೆ 40 ಡಿಗ್ರಿ ಬಿಸಿಲು ಹಬ್ಬ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಸತ್ತಿತೆಂದು ಎಸೆಯಬೇಡಿ. ಬೋಳಾಗಿರುವಷ್ಟು ದಿನ ನೀರನ್ನೂ ಹೆಚ್ಚುಕಮ್ಮಿ ನಿಲ್ಲಿಸಿಬಿಡಿ.

ಕರಾವಳಿ, ಮಲೆನಾಡಿನವರು ಮರುಭೂಮಿಯ ಕಳ್ಳಿಗೆ ಹಟ ಹಿಡಿಯುವ ಮೊದಲು ಕಾಡಿನ ಕಳ್ಳಿಗಳತ್ತ ನೋಡಬಹುದು. ನಡುರಾತ್ರಿ ಅರಳುತ್ತದೆಂದು ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವ ನಮ್ಮ ಮನೆಗಳ ಬ್ರಹ್ಮಕಮಲ ಕಳ್ಳಿಯೇ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವಂಥದ್ದು. ಅದಕ್ಕೆ ಅರೆನೆರಳು, ಎಲೆಗೊಬ್ಬರ, ಆಗಾಗ ನೀರು ಬೇಕು. ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿಯೇ. ಇವೆರಡಕ್ಕೂ ಇಲ್ಲಿ ಮುಂದೆ ಹೇಳುವ ಕಟ್ಟುನಿಟ್ಟು ಅಷ್ಟಾಗಿ ಬೇಡ.

ಚೆಂಡಿನಾಕಾರದ ನಿಜವಾದ ಕಳ್ಳಿಗಳಲ್ಲಿ ಮ್ಯಾಮಿಲೇರಿಯಾ, ಬಂಗಾರದ ಮುಳ್ಳಿನ ಗೋಲ್ಡನ್ ಬ್ಯಾರೆಲ್ ಒಳ್ಳೆಯ ಆರಂಭ. ಗೋಲ್ಡನ್ ಬ್ಯಾರೆಲ್ ಇಂದು ಪ್ರಪಂಚದ ಎಲ್ಲ ನರ್ಸರಿಗಳಲ್ಲೂ ಇದ್ದು, ತನ್ನ ತವರು ಮೆಕ್ಸಿಕೊದಲ್ಲಿ ಮಾತ್ರ ಅಳಿವಿನಂಚಿನಲ್ಲಿದೆ; 1990ರ ದಶಕದಲ್ಲಿ ಕಟ್ಟಿದ ಸಿಮಾಪಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಅದರ ನೆಲೆಯ ಬಹುಭಾಗ ಮುಳುಗಿತು. ಕೊಳ್ಳಬಾರದ್ದು ಎಂದರೆ ಹಸಿರು ಕಾಂಡದ ತಲೆಯ ಮೇಲೆ ಕೆಂಪು, ಹಳದಿ ಚೆಂಡು ಕೂತಿರುವ ಮೂನ್ ಕ್ಯಾಕ್ಟಸ್. ಆ ಬಣ್ಣದ ಚೆಂಡಿನಲ್ಲಿ ಹರಿತ್ತೇ ಇಲ್ಲ. ಕೆಳಗೆ ಕಸಿ ಕಟ್ಟಿದ, ಹೆಚ್ಚಾಗಿ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡವೇ ಅದಕ್ಕೆ ಊಟ ಹಾಕಬೇಕು. ಕೆಲ ವರ್ಷದಲ್ಲಿ ಎರಡೂ ಸೋಲುತ್ತವೆ. ಸುಂದರವೇನೋ ಹೌದು, ಆದರೆ ಕಲಿಯುವವರಿಗೆ ಅಲ್ಲ. ಮುಳ್ಳಿನ ತುದಿಯಲ್ಲಿ ಬಾಡದ ಹೂವೊಂದು ಕೂತಿದ್ದರೆ ಬೆರಳಿಂದ ಮುಟ್ಟಿ ನೋಡಿ. ಬಿಸಿ ಗೋಂದಿನಿಂದ ಅಂಟಿಸಿದ ಒಣಹೂ ಆಗಿರುವ ಸಾಧ್ಯತೆ ಹೆಚ್ಚು.

ಮಣ್ಣು ಅನ್ನುವುದಕ್ಕಿಂತ ಕಲ್ಲು

ನರ್ಸರಿಯಿಂದ ಬರುವ ಗಿಡ ಸಾಮಾನ್ಯವಾಗಿ ಕೊಕೊಪೀಟ್‌ನಲ್ಲಿರುತ್ತದೆ. ಹಗುರ, ಅಗ್ಗ, ಲಾರಿಯಲ್ಲಿ ಸಾಗಿಸಲು ಸುಲಭ. ಅವರಿಗೆ ಅದು ಸರಿ. ನಮ್ಮ ತಾರಸಿಯಲ್ಲಿ ಮಾತ್ರ ಅದು ಮಳೆಗಾಲದಲ್ಲಿ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿತೆಂದರೆ ಕುಂಡದ ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರು ಒಳಗಿಳಿಯದೆ ಪಕ್ಕದಿಂದಲೇ ಜಾರಿ ಹೋಗುತ್ತದೆ. ಗಿಡ ತಂದ ಕೆಲವು ವಾರಗಳಲ್ಲಿ ಅದನ್ನು ಬಿಡಿಸಿ ನಿಮ್ಮ ಮಿಶ್ರಣಕ್ಕೆ ಬದಲಿಸಿ.

ಮಿಶ್ರಣಕ್ಕೆ ಒಬ್ಬೊಬ್ಬರದು ಒಂದೊಂದು ಸೂತ್ರ. ಪ್ಯೂಮಿಸ್, ಪರ್ಲೈಟ್ ಎಂದು ದುಬಾರಿ ಚೀಲಗಳೂ ಸಿಗುತ್ತವೆ. ಇಲ್ಲದಿದ್ದರೂ ನಡೆಯುತ್ತದೆ. ಕಟ್ಟಡ ಕೆಲಸದ ಕಡೆ ಸಿಗುವ ಸಣ್ಣ ಜಲ್ಲಿ ಪುಡಿ, ಎಂ-ಸ್ಯಾಂಡಿನಲ್ಲಿರುವ ದಪ್ಪ ಕಾಳು, ಕುಟ್ಟಿದ ಇಟ್ಟಿಗೆ ಚೂರು, ಯಾವುದಾದರೂ ಸರಿ. ಮುಖ್ಯವಾದದ್ದು ಜರಡಿ. ಜರಡಿಯ ಮೇಲೆ ನಿಲ್ಲುವ, ಜೋಳದ ಕಾಳಿನಿಂದ ಕಡಲೆಕಾಳಿನ ಗಾತ್ರದವರೆಗಿನ ಚೂರುಗಳನ್ನು ಇಟ್ಟುಕೊಂಡು ಕೆಳಗೆ ಬೀಳುವ ಪುಡಿಯನ್ನು ಬಿಸಾಡಿ. ಆ ಪುಡಿಯೇ ಕುಂಡದೊಳಗೆ ಸಿಮೆಂಟಿನಂತೆ ಗಟ್ಟಿಯಾಗಿ ನೀರು ತಡೆಯುವುದು. ಉಪ್ಪಿರುವ ಸಮುದ್ರದ ಮರಳು ಬೇಡ. ಎರೆಮಣ್ಣು ಅಂತೂ ಬೇಡವೇ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಎರಡೂ ಬೇರಿಗೆ ಮೃತ್ಯು. ಇಂಥ ಚೂರು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಇದ್ದಿಲ ಚೂರು, ಒಂದು ಹಿಡಿ ಬೇವಿನ ಹಿಂಡಿ. ಕರಾವಳಿಯವರು ಚೂರಿನ ಪಾಲನ್ನು ಮುಕ್ಕಾಲಿಗೆ ಏರಿಸಿ. ಬಿಸಿಲನಾಡಿನವರು ಮಣ್ಣು ಸ್ವಲ್ಪ ಹೆಚ್ಚು ಮಾಡಿಕೊಳ್ಳಬಹುದು.

ಆಯಿತೇ ಎಂದು ನೋಡಲು ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ. ಕೈ ಬಿಚ್ಚಿದೊಡನೆ ಉದುರಿಹೋಗಬೇಕು. ಉಂಡೆಯಾಗಿ ನಿಂತರೆ ಇನ್ನಷ್ಟು ಕಲ್ಲು ಬೇಕು ಎಂದರ್ಥ.

ಮಣ್ಣಿನ ಕುಂಡ ಉತ್ತಮ. ಗೋಡೆಯಿಂದಲೂ ತೇವ ಹೊರಹೋಗುತ್ತದೆ. ಪ್ಲಾಸ್ಟಿಕ್ ಆದರೆ ಬುಡದಲ್ಲಿ ಇನ್ನೂ ನಾಲ್ಕು ತೂತು ಕೊರೆಯಿರಿ. ಗಿಡದ ಸುತ್ತ ಒಂದು ಬೆರಳಗಲ ಜಾಗವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಡುವುದು ಸರಿ, ಮಣ್ಣು ಸೋರದಿರಲಿ ಎಂದು. ಆದರೆ ನೀರು ಬಸಿಯಲಿ ಎಂದು ತಳದಲ್ಲಿ ಎರಡು ಇಂಚು ಜಲ್ಲಿ ತುಂಬುವ ಹಳೆಯ ರೂಢಿಯಿಂದ ಲಾಭವಿಲ್ಲ. ನಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಅಲ್ಲೇ ತಡೆದು ನಿಲ್ಲುತ್ತದೆ. ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಯಿತು, ಅಷ್ಟೆ. ಆ ಜಲ್ಲಿಯನ್ನು ಮಣ್ಣಿನಲ್ಲೇ ಬೆರೆಸಿ.

ಸೂರು

ಈಗ ಮೊದಲು ಹೇಳಿದ ಮಳೆಯ ವ್ಯವಸ್ಥೆ. ಗಿಡ ಹತ್ತಿಪ್ಪತ್ತಾದರೆ ಪೂರ್ವದ ಅಥವಾ ದಕ್ಷಿಣದ ಗೋಡೆಯ ಸಜ್ಜಾದ ಕೆಳಗೆ ಒಂದು ಮೆಟ್ಟಿಲು ಸ್ಟ್ಯಾಂಡ್ ಸಾಕು. ಅದಕ್ಕೂ ಮೀರಿದರೆ ಪಾಲಿಹೌಸಿಗೆ ಬಳಸುವ 200 ಮೈಕ್ರಾನ್ ಪಾರದರ್ಶಕ ಹಾಳೆಯನ್ನು ಕೊಳ್ಳಿ. ಬಿಸಿಲಿಗೆ ಕೆಡದಂತೆ ಸಂಸ್ಕರಿಸಿದ್ದೇ ಆಗಬೇಕು. ಮಾಮೂಲಿ ಪ್ಲಾಸ್ಟಿಕ್ ಒಂದೇ ಬೇಸಿಗೆಗೆ ಹಪ್ಪಳವಾಗುತ್ತದೆ. ಹಾಳೆಗೆ ಚೆನ್ನಾಗಿ ಇಳಿಜಾರು ಕೊಡಿ, ಇಲ್ಲದಿದ್ದರೆ ನಡುವೆ ನೀರು ನಿಂತು ಜೋತುಬೀಳುತ್ತದೆ. ನಾಲ್ಕೂ ಬದಿ ತೆರೆದಿರಲಿ. ಬದಿಗಳನ್ನು ಮುಚ್ಚಿದರೆ ಒಳಗೆ ಹಬೆ ಕಟ್ಟುತ್ತದೆ, ಮಳೆಗಿಂತ ಹೆಚ್ಚು ಗಿಡ ಅದರಿಂದ ಹೋಗುತ್ತವೆ. ಹಾಳೆಯನ್ನು ಬಿಗಿಯಾಗಿ ಕಟ್ಟಿ. ಮೇ ತಿಂಗಳ ಬಿರುಗಾಳಿಗೆ ಅದು ಪಕ್ಕದ ಬೀದಿಗೆ ಹೋಗಬಾರದು. ಕುಂಡಗಳನ್ನು ತಾರಸಿಯ ನೆಲದ ಮೇಲೇ ಇಡದೆ ಇಟ್ಟಿಗೆಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಇಡಿ. ಬೇಸಿಗೆಯಲ್ಲಿ ಕಾದ ಕಾಂಕ್ರೀಟು ಬೇರನ್ನು ಬೇಯಿಸುತ್ತದೆ, ಮಳೆಯಲ್ಲಿ ಅಲ್ಲೇ ನೀರು ನಿಲ್ಲುತ್ತದೆ.

ಎಲ್ಲ ಮಳೆಯೂ ಶತ್ರುವಲ್ಲ. ಭರಣಿ, ಕೃತ್ತಿಕೆಯ ಗುಡುಗು ಮಳೆ ಒಂದು ಗಂಟೆ ಸುರಿದು ಮರುದಿನ ಬಿಸಿಲು ಬಂದರೆ ಕಳ್ಳಿಗಳು ಉಬ್ಬಿ ಹೊಸ ಮುಳ್ಳು ಬಿಡುತ್ತವೆ. ಬೇಸಿಗೆಯಿಡೀ ಕೊಳವೆಬಾವಿ ನೀರು ಕುಡಿದು ಕುಂಡದಂಚಿನಲ್ಲಿ, ಕಾಂಡದ ಬುಡದಲ್ಲಿ ಕಟ್ಟಿದ ಬಿಳಿ ಸುಣ್ಣವನ್ನೂ ಆ ಮಳೆ ಅಷ್ಟಿಷ್ಟು ತೊಳೆಯುತ್ತದೆ. ಅದರಲ್ಲಿ ಗಿಡ ನೆನೆಯಲು ಬಿಡಿ. ಆರಿದ್ರಾ ಹುಟ್ಟಿ ದಿನಗಟ್ಟಲೆ ಮೋಡ ಮುಸುಕಿ ಜಿಟಿಜಿಟಿ ಹಿಡಿಯಿತೆಂದರೆ ಸೂರಿನೊಳಗೆ ತನ್ನಿ. ಮಲೆನಾಡು, ಕರಾವಳಿಯಲ್ಲಿ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೂ ಹೊರಗೆ ಕಾಲಿಡುವಂತಿಲ್ಲ. ಬೆಂಗಳೂರು, ಮೈಸೂರು ಕಡೆಯವರು ಮೋಸಹೋಗುವುದು ಆಮೇಲೆ. ಶ್ರಾವಣ ಕಳೆದು ಮಳೆ ಮುಗಿಯಿತು ಅಂದುಕೊಂಡು ಹಾಳೆ ಬಿಚ್ಚುತ್ತಾರೆ, ಹಸ್ತ, ಚಿತ್ತಾ ಸುರಿಯತೊಡಗುತ್ತವೆ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ದೀಪಾವಳಿಯವರೆಗೆ ಹಾಳೆ ಇರಲಿ.

ಸೂರಿನ ಕೆಳಗಿರುವ ಗಿಡಕ್ಕೆ ನೀರು ಎಷ್ಟು? ಹಾಕುವಾಗ ತಳದಿಂದ ಹರಿದು ಬರುವಷ್ಟು ಧಾರಾಳವಾಗಿ ಹಾಕಿ, ಆಮೇಲೆ ಪೂರ್ತಿ ಒಣಗುವವರೆಗೆ ಆ ಕಡೆ ತಿರುಗಿಯೂ ನೋಡಬೇಡಿ. ಚಮಚದಲ್ಲಿ ದಿನಾ ಒಂದಿಷ್ಟು ಹನಿಸುವುದು ಅತ್ಯಂತ ಕೆಟ್ಟ ಕ್ರಮ. ಮೇಲಿನ ಮಣ್ಣು ಒದ್ದೆ, ಕೆಳಗಿನ ಬೇರು ಒಣ. ಒಣಗಿದ್ದು ತಿಳಿಯಲು ಉರಿದು ಮುಗಿದ ಊದಿನಕಡ್ಡಿಯ ಬಿದಿರು ಭಾಗವನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗಿದ್ದರೆ, ಮಣ್ಣು ಅಂಟಿದ್ದರೆ ಇನ್ನೂ ಬೇಡ. ಕೆಲ ದಿನದಲ್ಲಿ ಕುಂಡ ಎತ್ತಿದರೆ ಭಾರದಲ್ಲೇ ಗೊತ್ತಾಗತೊಡಗುತ್ತದೆ. ಅಂದಾಜಿಗೆ ಹೇಳುವುದಾದರೆ ಬೇಸಿಗೆಯಲ್ಲಿ ಬೆಂಗಳೂರಿಗೆ ವಾರಕ್ಕೊಮ್ಮೆ, ಉತ್ತರ ಕರ್ನಾಟಕದ ಬಿಸಿಲಿಗೆ ನಾಲ್ಕೈದು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಅಥವಾ ಸಂಜೆ. ಡಿಸೆಂಬರ್, ಜನವರಿಯಲ್ಲಿ ಮರುಭೂಮಿಯ ಕಳ್ಳಿಗಳಿಗೆ ಮೂರು ವಾರಕ್ಕೊಮ್ಮೆ ಸಾಕು. ಆ ಒಣ ವಿಶ್ರಾಂತಿ ಸಿಕ್ಕಿದ ಮ್ಯಾಮಿಲೇರಿಯಾ ಬೇಸಿಗೆಯ ಹೊಸ್ತಿಲಲ್ಲಿ ತಲೆಯ ಸುತ್ತ ಹೂವಿನ ದಂಡೆ ಮುಡಿಯುತ್ತದೆ. ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಪ್ರಮಾಣ. ಯೂರಿಯಾ ಹಾಕಿ ಬೆಳೆಸಿದ ಕಳ್ಳಿ ನೀರುಗುಳ್ಳೆಯಾಗಿ ಉಬ್ಬಿ ಬೇಗ ಕೊಳೆಯುತ್ತದೆ.

ಬಿಸಿಲಿಗೂ ಅಭ್ಯಾಸ ಬೇಕು

ಕಳ್ಳಿ ತಾನೇ ಎಂದು ತಂದ ದಿನವೇ ನಡುಬಿಸಿಲಿಗೆ ಇಡುವವರಿದ್ದಾರೆ. ಆ ಗಿಡ ಅಲ್ಲಿಯವರೆಗೆ ನರ್ಸರಿಯ ಹಸಿರು ಬಲೆಯ ನೆರಳಲ್ಲಿ ಬೆಳೆದಿರುತ್ತದೆ. ಎರಡೇ ದಿನದಲ್ಲಿ ದಕ್ಷಿಣ, ಪಶ್ಚಿಮದ ಮೈ ಬಿಳಿಚಿ, ಆಮೇಲೆ ಕಂದು ತೊಗಟೆಯಾಗುತ್ತದೆ. ಆ ಕಲೆ ಜೀವನಪೂರ್ತಿ ಹೋಗುವುದಿಲ್ಲ. ಮೊದಲ ವಾರ ಬೆಳಗಿನ ಎರಡು ಗಂಟೆಯ ಬಿಸಿಲು, ಮುಂದಿನ ವಾರ ನಾಲ್ಕು ಗಂಟೆ, ಹೀಗೆ ಮೂರು ವಾರದಲ್ಲಿ ಒಗ್ಗಿಸಿ. ಕುಂಡದ ಒಂದು ಬದಿಗೆ ಸೀಮೆಸುಣ್ಣದ ಗುರುತು ಹಾಕಿ, ಜಾಗ ಬದಲಿಸುವಾಗ ಅದೇ ಬದಿ ದಕ್ಷಿಣಕ್ಕಿರುವಂತೆ ನೋಡಿಕೊಂಡರೆ ಸುಟ್ಟ ಕಲೆ ಅರ್ಧ ಕಡಿಮೆಯಾಗುತ್ತದೆ. ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನಕ್ಕೆ ಶೇಕಡಾ 50ರ ನೆರಳಿನ ಬಲೆ ಇದ್ದರೆ ಗೋಲ್ಡನ್ ಬ್ಯಾರೆಲ್‌ಗೂ ಬೇಸರವಿಲ್ಲ. ಹವರ್ಥಿಯಾ, ಗ್ಯಾಸ್ಟೇರಿಯಾ ಎಂಬ ಪುಟ್ಟ ಪಟ್ಟೆ ಎಲೆಯ ಗಿಡಗಳು ಹುಟ್ಟೂರಲ್ಲೇ ಪೊದೆಯಡಿ ಬೆಳೆಯುವಂಥವು. ಅವನ್ನು ವರ್ಷವಿಡೀ ನೆರಳಲ್ಲೇ ಇಡಿ. ಇತ್ತ ಬಿಸಿಲು ಸಾಲದೆ ಹೋದರೆ ಗುಂಡಗಿನ ಕಳ್ಳಿ ತುದಿಯಲ್ಲಿ ಸಣಕಲಾಗಿ ಚೂಪಾಗುತ್ತದೆ, ಗುಲಾಬಿಯಾಕಾರದ ಸಕ್ಯುಲೆಂಟಿನ ಎಲೆಗಳ ನಡುವೆ ಕತ್ತು ಕಾಣತೊಡಗುತ್ತದೆ.

ಕೊಳೆ ಮತ್ತು ಬಿಳಿ ಹತ್ತಿ

ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಡ್ಡಿಯಿಂದ ಪ್ರತಿ ಗಿಡದ ಬುಡ ಒತ್ತಿ ನೋಡಿ. ಗಟ್ಟಿಯಿದ್ದರೆ ಸರಿ. ಮೆತ್ತಗೆ ಒಳಗೆ ಹೋದರೆ, ಕಂದು ನೀರು ಒಸರಿದರೆ ಕಾಯುವುದಕ್ಕೆ ಸಮಯವಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದ ಚೂಪು ಚಾಕುವಿನಿಂದ ಬುಡದ ಮೇಲೆ ಅಡ್ಡ ಕೊಯ್ಯಿರಿ. ಕೊಯ್ದ ಮುಖದ ನಡುವೆ ಉಂಗುರದಂಥ ನಾಳಗಳು ಕಾಣುತ್ತವೆ. ಅಲ್ಲಿ ಒಂದು ಕಿತ್ತಳೆ ಅಥವಾ ಕಂದು ಚುಕ್ಕಿ ಉಳಿದಿದ್ದರೂ ರೋಗ ಮೇಲೇರಿದೆ. ಪ್ರತಿ ಸಲ ಚಾಕು ಒರೆಸುತ್ತಾ, ತೆಳ್ಳಗೆ ತೆಗೆಯುತ್ತಾ ಹೋಗಿ, ಮುಖ ಪೂರ್ತಿ ಶುಭ್ರವಾಗುವವರೆಗೆ. ಗಂಧಕದ ಪುಡಿ ಸವರಿ, ನೆರಳಲ್ಲಿ ಒಂದೆರಡು ವಾರ ಹಾಗೇ ಬಿಡಿ. ಗಾಯ ಒಣಗಿ ಚರ್ಮ ಕಟ್ಟಿದ ಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿ. ನೀರು ಬೇರು ಬಂದ ಮೇಲೆ. ಕಡ್ಡಿ ನೆಡುವಾಗಲೂ, ಕುಂಡ ಬದಲಿಸುವಾಗಲೂ ಇದೇ ನಿಯಮ: ಗಾಯ ಒಣಗದೆ ನೀರಿಲ್ಲ.

ಮುಳ್ಳಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕಿ ಕಂಡರೆ ಹಿಟ್ಟು ತಿಗಣೆ. ಕುಂಡದ ಮೇಲೆ ಇರುವೆ ಸಾಲು ಹತ್ತಿಳಿಯುತ್ತಿದ್ದರೆ ಚುಕ್ಕಿ ಕಾಣದಿದ್ದರೂ ಹುಡುಕಿ. ಸಿಹಿ ದ್ರವದ ಆಸೆಗೆ ಇರುವೆಗಳೇ ಅವನ್ನು ಕಾಯುತ್ತವೆ. ಹತ್ತಾದರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಇಯರ್ ಬಡ್ಡಿನಿಂದ ಒಂದೊಂದಾಗಿ ಮುಟ್ಟಿ ತೆಗೆಯಬಹುದು. ಹೆಚ್ಚಾದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಣ್ಣೆ ಸುಡುತ್ತದೆ. ಎಚೆವೇರಿಯಾದಂಥ ಬೂದಿ ಲೇಪದ ಎಲೆಗಳಿಗೂ ಬೇಡ, ಲೇಪ ಹೋದರೆ ಅದೇ ಎಲೆಗೆ ಮತ್ತೆ ಬರುವುದಿಲ್ಲ. ಬುಡದೊಳಗೂ ಈ ತಿಗಣೆ ಇರುತ್ತದೆ. ಕಾರಣವಿಲ್ಲದೆ ಸೊರಗಿದ ಗಿಡವನ್ನು ಕಿತ್ತು ಬೇರು ನೋಡಿ.

ಪಾಪಾಸುಕಳ್ಳಿಯ ಮೇಲಿನ ಬಿಳಿ ಹತ್ತಿಯನ್ನು ಉಜ್ಜಿದಾಗ ಬೆರಳು ರಕ್ತಗೆಂಪಾದರೆ ಅದು ಕಾಚಿನೀಲ್ ಕೀಟ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಟ್ಟೆಯ ಬಣ್ಣಕ್ಕೆಂದು ಅದನ್ನು ಭಾರತಕ್ಕೆ ತರಿಸಿದ್ದರು. ಬಂದದ್ದು ಬಣ್ಣ ಕಡಿಮೆ ಕೊಡುವ ಬೇರೆ ಜಾತಿ. ವ್ಯಾಪಾರ ಕುದುರಲಿಲ್ಲ, ಕೀಟ ಮಾತ್ರ ದಕ್ಷಿಣ ಭಾರತದಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು.

ಕೈಗೆ ಎಚ್ಚರಿಕೆ. ದೊಡ್ಡ ಮುಳ್ಳಿಗಿಂತ ಪಾಪಾಸುಕಳ್ಳಿಯ ನವಿರು ರೋಮದಂಥ ಮುಳ್ಳು ಅಪಾಯ, ಕೈಗವಸನ್ನೂ ದಾಟುತ್ತದೆ. ನಾಲ್ಕು ಮಡಿಕೆ ಮಾಡಿದ ಪೇಪರ್ ಪಟ್ಟಿಯನ್ನು ಕಳ್ಳಿಯ ಸೊಂಟಕ್ಕೆ ಸುತ್ತಿ ತುದಿ ಹಿಡಿದು ಎತ್ತಿ. ಚುಚ್ಚಿದರೆ ಅಂಟು ಟೇಪು ಒತ್ತಿ ಎಳೆಯಿರಿ. ಬೇಲಿಯ ಮುಳ್ಳುಕಳ್ಳಿ, ಬೊಂತೆಕಳ್ಳಿ, ಯೂಫೋರ್ಬಿಯಾ ಮಿಲಿ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕ್ಯಾಕ್ಟಸ್ ಅಲ್ಲ. ಕ್ಯಾಕ್ಟಸ್‌ನ ಮುಳ್ಳು ಉಣ್ಣೆಯಂಥ ಪುಟ್ಟ ಗದ್ದುಗೆಯಿಂದ ಹೊರಡುತ್ತದೆ, ಇವುಗಳಲ್ಲಿ ಆ ಗದ್ದುಗೆ ಇಲ್ಲ, ಗಾಯವಾದರೆ ಹಾಲು ಸುರಿಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ನೇರ ವೈದ್ಯರ ಬಳಿ ಹೋಗಿ. ಮಕ್ಕಳು ಓಡಾಡುವ ಕಡೆ ಇವನ್ನು ಎತ್ತರದಲ್ಲಿಡಿ.

ಕೊನೆಗೆ, ಯಾವಾಗ ಕೊಳ್ಳುವುದು? ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಫಲಪುಷ್ಪ ಪ್ರದರ್ಶನ, ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯೋತ್ಸವಕ್ಕೊಂದು. ಆಗಸ್ಟಿನದಕ್ಕೆ ಹೋಗಿ ಕಣ್ತುಂಬ ನೋಡಿ ಬನ್ನಿ, ಬರಿಗೈಯಲ್ಲಿ. ಮುಂದೆ ಹಸ್ತ, ಚಿತ್ತಾ ಕಾದಿರುವಾಗ ಹೊಸ ಗಿಡಕ್ಕೆ ಬೇರೂರಲು ಒಣ ದಿನಗಳೇ ಸಿಗುವುದಿಲ್ಲ. ಜನವರಿಯದಕ್ಕೆ ಚೀಲ ಹಿಡಿದು ಹೋಗಿ. ಎಳೆಬಿಸಿಲಿನಲ್ಲಿ ಮೂರು ವಾರ ಒಗ್ಗಿಸಿ, ಫೆಬ್ರವರಿಯಲ್ಲಿ ಕುಂಡ ಬದಲಿಸಿದರೆ ಮಳೆಗಾಲಕ್ಕೆ ಮುಂಚೆ ನಾಲ್ಕು ತಿಂಗಳು ಕೈಯಲ್ಲಿರುತ್ತವೆ. ಐದಾರು ಗಿಡ ಸಾಕು, ಜೊತೆಗೆ ಸೂರಿನ ವ್ಯವಸ್ಥೆಗೆ ಸ್ವಲ್ಪ ಹಣ ಉಳಿಸಿಕೊಳ್ಳಿ.